ನೀಲಿ ನೋಟ್‌ಬುಕ್ಕಿನ 64 ಪುಟ

12 ನವೆಂಬರ್ 2024, ಮಂಗಳವಾರ

ಬೆಳಗ್ಗೆ ರಕ್ತ ಕೊಟ್ಟು ಬಂದೆ. ನನಗೆ ಬೈಪೋಲಾರ್ ಇದೆ, ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ ಒಮ್ಮೆ ಖಿನ್ನತೆಗೆ ಕುಸಿಯುವ ಕಾಯಿಲೆ; ಅದಕ್ಕೆ ನುಂಗುವ ಮಾತ್ರೆ ಲಿಥಿಯಂ. ರಕ್ತದಲ್ಲಿ ಅದೆಷ್ಟಿದೆ ಎಂದು ನೋಡುವ ಪರೀಕ್ಷೆಗೆ ಒಂದು ಲೆಕ್ಕ ಇದೆ, ಕೊನೆಯ ಮಾತ್ರೆ ನುಂಗಿ 12 ಗಂಟೆ ಆಗಿರಬೇಕು. ನಿನ್ನೆ ರಾತ್ರಿ 8ಕ್ಕೆ ಮಾತ್ರೆ, ಇವತ್ತು ಬೆಳಗ್ಗೆ 8ಕ್ಕೆ ಸೂಜಿ. ಸಂಜೆ ರಿಪೋರ್ಟ್ ಬಂತು: 0.7. ಸಾಮಾನ್ಯವಾಗಿ 0.6ರಿಂದ 1.0ರ ಒಳಗಿದ್ದರೆ ಸರಿ. ಜಾಸ್ತಿಯಾದರೆ ವಿಷ, ಕಡಿಮೆಯಾದರೆ ನುಂಗಿದ್ದೂ ದಂಡ. ಥೈರಾಯ್ಡ್, ಕಿಡ್ನಿ ಎರಡೂ ಸದ್ಯಕ್ಕೆ ತಕರಾರಿಲ್ಲದೆ ಇವೆ.

ಹಳೆಯ ರಿಪೋರ್ಟ್ ಹುಡುಕಲು ಡ್ರಾಯರ್ ಎಳೆದಾಗ ನೀಲಿ ನೋಟ್‌ಬುಕ್ ಸಿಕ್ಕಿತು. 2021ರ ಮಾರ್ಚ್‌ನದು. ಐದು ರಾತ್ರಿ, 64 ಪುಟ. ಆಗ ಎರಡು ಗಂಟೆ ನಿದ್ದೆ ಸಾಕಾಗುತ್ತಿತ್ತು. ಸಾಕೇನು, ಅದೂ ಹೆಚ್ಚೇ ಅನ್ನಿಸುತ್ತಿತ್ತು. ಕಾದಂಬರಿ ತಾನೇ ಇಳಿದು ಬರುತ್ತಿದೆ ಅಂತ ನಸುಕಿನ 3ಕ್ಕೆ ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದ್ದೆ. ಅವಳು ಕಥೆ ಕೇಳಿಸಿಕೊಳ್ಳಲಿಲ್ಲ. "ನೀನು ಮಧ್ಯೆ ಉಸಿರೇ ತಗೋತಿಲ್ಲ" ಅಂದಳು.

ಇವತ್ತು ಅದರ ಅಕ್ಷರಗಳನ್ನೇ ನೋಡುತ್ತಾ ಕೂತೆ. ಮೊದಲ ಪುಟದಲ್ಲಿ ಎಲ್ಲವೂ ಗೆರೆಯ ಮೇಲೆ ಸರಿಯಾಗಿ ಕೂತಿವೆ. 20ನೇ ಪುಟದ ಹೊತ್ತಿಗೆ ಒಂದೊಂದು ಅಕ್ಷರ ಎರಡೆರಡು ಗೆರೆ ನುಂಗುತ್ತದೆ. 40 ದಾಟಿದ ಮೇಲೆ ಒತ್ತಕ್ಷರಗಳೇ ಮಾಯ. 'ಅಕ್ಕ' ಹೋಗಿ 'ಅಕ' ಆಗಿದ್ದಾಳೆ, 'ಕತ್ತಲೆ' 'ಕತಲೆ' ಆಗಿದೆ. ಕೆಳಗಿಳಿದು ಒಂದು ಒತ್ತು ಹಾಕುವಷ್ಟು ಪುರುಸೊತ್ತು ಕೈಗಿರಲಿಲ್ಲ. ಒಂದು ಕಡೆ ಪೆನ್ನು ಕಾಗದವನ್ನೇ ಹರಿದುಕೊಂಡು ಹೋಗಿದೆ.

ಆಮೇಲೆ ಏಪ್ರಿಲ್, ಮೇ. ಬರೀ ತಾರೀಖು, ಅದರ ಕೆಳಗೆ ಏನೂ ಇಲ್ಲ. ಮೇ 9ರಂದು ಮಾತ್ರ ಒಂದು ಪದ ಇದೆ: ಸ್ನಾನ.

ನಾನು ವೈದ್ಯರ ಹತ್ತಿರ ಹೋಗುತ್ತಿದ್ದದ್ದು ಕುಸಿದಾಗ ಮಾತ್ರ. ಏರಿದಾಗ ಯಾರು ಹೋಗುತ್ತಾರೆ, ಅಲ್ವಾ? ಹಾಗಾಗಿ ಬರೀ ಖಿನ್ನತೆ ಅಂತಲೇ ಚಿಕಿತ್ಸೆ ನಡೆದಿತ್ತು. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಮನಸ್ಸು ಉನ್ಮಾದದ ಕಡೆ ಹಾರುವ ಅಪಾಯ ಇದೆ. ಇದು ಗೊತ್ತಾಗಿದ್ದು ಹಾರಿ ಬಿದ್ದ ಮೇಲೆ.

ಲಿಥಿಯಂಗೆ ಒಪ್ಪದೆ ಏಳು ತಿಂಗಳು ಎಳೆದೆ. ಬರವಣಿಗೆ ಒಣಗುತ್ತದೆ ಅನ್ನೋ ಭಯ. "ಬೆಂಕಿ ಆರಿಸ್ಕೊಂಡು ಏನ್ ಬರೀತೀಯ?" ಅಂತ ಕವಿ ಗೆಳೆಯರೊಬ್ಬರು ಕೇಳಿದ್ದರು. (ಅವರಿಗೆ ರಾತ್ರಿ ಹತ್ತಕ್ಕೆಲ್ಲ ಗಡದ್ದಾಗಿ ನಿದ್ದೆ ಬರುತ್ತದೆ.) ಇಂಥವರು ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಹೆಸರು ಎತ್ತದೆ ಬಿಡುವುದಿಲ್ಲ. ಮನಸ್ಸಿನ ಕಾಯಿಲೆ ಜೋರಾದಾಗ ಆಕೆಗೂ ಬರೆಯಲು ಆಗುತ್ತಿರಲಿಲ್ಲ ಅನ್ನೋದನ್ನು ಮಾತ್ರ ಹೇಳುವುದಿಲ್ಲ. ಆಕೆ ತೀರಿಕೊಂಡದ್ದು 1941ರಲ್ಲಿ. ಉನ್ಮಾದಕ್ಕೆ ಲಿಥಿಯಂ ನಾಟುತ್ತದೆ ಎಂದು ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಬರೆದದ್ದು 1949ರಲ್ಲಿ. ಎಂಟೇ ವರ್ಷ.

ಈಗಿನ ವೈದ್ಯರು ನನ್ನ ಜೊತೆ ವಾದಕ್ಕೆ ಇಳಿಯಲಿಲ್ಲ. ಡೆನ್ಮಾರ್ಕಿನ ಮನೋವೈದ್ಯ ಮೊಗೆನ್ಸ್ ಷೌ 1979ರಲ್ಲಿ ಪ್ರಕಟಿಸಿದ ಒಂದು ಲೆಕ್ಕ ಹೇಳಿದರು. ಲಿಥಿಯಂ ತೆಗೆದುಕೊಳ್ಳುತ್ತಿದ್ದ 24 ಕಲಾವಿದರು, ಬರಹಗಾರರನ್ನು ಆತ ವಿಚಾರಿಸಿದ್ದ. 12 ಜನ ಕೆಲಸ ಹೆಚ್ಚಾಯಿತು ಅಂದರು, 6 ಜನ ವ್ಯತ್ಯಾಸ ಇಲ್ಲ ಅಂದರು, 6 ಜನ ಕಡಿಮೆಯಾಯಿತು ಅಂದರು. ನಾನು ಕೊನೆಯ ಆರರಲ್ಲೇ ಇರುತ್ತೇನೆ ಅಂತ ಹಟ ಹಿಡಿದಿದ್ದೆ.

ಎಲ್ಲಿದ್ದೇನೋ ಇನ್ನೂ ಗೊತ್ತಿಲ್ಲ. ಪುಟಗಳ ಲೆಕ್ಕ ಹಿಡಿದರೆ ಕಡಿಮೆಯೇ. ದಿನಕ್ಕೆ ಒಂದು ಪುಟ, ಅದನ್ನೂ ಮೂರು ಸಲ ಹೊಡೆದು ಹಾಕುತ್ತೇನೆ. ಆ ಐದು ರಾತ್ರಿಗಳ ನೆನಪು ಬರುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಬರುತ್ತದೆ, ಹಳೆಯ ಪ್ರೀತಿ ನೆನಪಾದ ಹಾಗೆ.

ಆದರೆ ಕಾದಂಬರಿ ಓದಲು ಆಗಲಿಲ್ಲ. ಎಲ್ಲರೂ ಒಂದೇ ಉಸಿರಿನಲ್ಲಿ ಮಾತಾಡುತ್ತಾರೆ, ಯಾರೂ ಯಾರ ಮಾತಿಗೂ ಉತ್ತರ ಕೊಡುವುದಿಲ್ಲ. ಊಟದ ನಂತರ ಪೆನ್ಸಿಲ್ ಹಿಡಿದು ಕೂತೆ. 64 ಪುಟದಲ್ಲಿ ಮೂರು ವಾಕ್ಯ ಉಳಿದವು. ಮೂರೂ ನಿಜಕ್ಕೂ ಚೆನ್ನಾಗಿವೆ.

ಅವನ್ನು ಹೊಸ ಹಾಳೆಗೆ ಇಳಿಸಿದೆ. ಲಿಥಿಯಂನಿಂದ ಕೈ ಸ್ವಲ್ಪ ನಡುಗುತ್ತದೆ, ಒತ್ತಕ್ಷರಗಳು ಅಂಕುಡೊಂಕು. ಆದರೂ ಒಂದೂ ಬಿಟ್ಟುಹೋಗಿಲ್ಲ. ನಾಲ್ಕನೆಯದೊಂದು ವಾಕ್ಯದ ಬಗ್ಗೆ ಅನುಮಾನ ಇದೆ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದೇನೆ. ಈಗ 10.20. ಅದನ್ನು ನಾಳೆ ನೋಡೋಣ.