ಸ್ಟೆಂಟ್ ಕೂತಿದೆ ಸರಿ, ಅರಳಿದೆಯೇ?

ಹೃದಯದ ಧಮನಿ ತೆರೆದಿರಲೆಂದು ಒಳಗೆ ಹಾಕುವ ಲೋಹದ ಬಲೆ ಸ್ಟೆಂಟ್. ಎಕ್ಸ್-ರೇ ಚಿತ್ರವಾದ ಆಂಜಿಯೋಗ್ರಾಂ ತೋರಿಸುವುದು ರಕ್ತ ಹರಿಯುವ ದಾರಿಯ ನೆರಳು ಮಾತ್ರ. ಧಮನಿಯ ಗೋಡೆ ಕಾಣಬೇಕಾದರೆ ಓಸಿಟಿಯಂಥ (ಬೆಳಕಿನಿಂದ ಧಮನಿಯ ಒಳಗಿನಿಂದಲೇ ಚಿತ್ರ ತೆಗೆಯುವ ವಿಧಾನ) ಒಳಚಿತ್ರಣ ಬೇಕು. ಸುಮಾರು 1,300 ನ್ಯಾನೋಮೀಟರ್‌ನ ಅತಿಗೆಂಪು ಬೆಳಕು. 10–20 ಮೈಕ್ರಾನ್‌ನಷ್ಟು ಸೂಕ್ಷ್ಮ ನೋಟ, ಆದರೆ ಆಳ ಒಂದೆರಡು ಮಿ.ಮೀ. ಅಷ್ಟೇ.

ಚಿತ್ರ ಕೆಡುವುದು ಹೆಚ್ಚಾಗಿ ರಕ್ತದಿಂದ. ಕೆಂಪುಕಣಗಳು ಬೆಳಕನ್ನು ಚದುರಿಸುತ್ತವೆ. ಓಸಿಟಿ ನಳಿಕೆಯನ್ನು ಹಿಂದಕ್ಕೆಳೆಯುತ್ತ ಚಿತ್ರ ತೆಗೆಯುವ ಎರಡು-ಮೂರು ಸೆಕೆಂಡಿನ ಪುಲ್‌ಬ್ಯಾಕ್ ಮುಗಿಯುವವರೆಗೂ ಕಾಂಟ್ರಾಸ್ಟ್ ದ್ರವ ರಕ್ತವನ್ನು ಪೂರ್ತಿ ತಳ್ಳಿರಬೇಕು: ಎಡ ಧಮನಿಗೆ ಸೆಕೆಂಡಿಗೆ ಸುಮಾರು 4 ಎಂ.ಎಲ್., ಒಟ್ಟು 12–14. ಈ ದ್ರವ ಸಾಗಿಸುವ ನಳಿಕೆ, ಗೈಡ್ ಕ್ಯಾಥೆಟರ್, ಧಮನಿಯ ಬಾಯಿಗೆ ನೇರವಾಗಿ ಕೂರದಿದ್ದರೆ ಎಷ್ಟು ತಳ್ಳಿದರೂ ಮಹಾಧಮನಿಯ ಪಾಲು. ಧಮನಿ ಸಡಿಲಿಸುವ ನೈಟ್ರೋಗ್ಲಿಸರಿನ್ ಮೊದಲೇ ಕೊಡದಿದ್ದರೆ ಬಿಗಿದುಕೊಂಡ ಧಮನಿಯನ್ನೇ ಅಳೆದು ಸಣ್ಣ ಸ್ಟೆಂಟ್ ಆರಿಸಿಬಿಡುವ ಅಪಾಯ.

ಸ್ಟೆಂಟ್ ಹಾಕಿದ ಮೇಲೆ ಮೊದಲು ನೋಡಬೇಕಾದದ್ದು ಅದು ಎಷ್ಟು ಅರಳಿದೆ ಎಂದು. ಅತಿ ಕಿರಿದಾದ ಜಾಗದಲ್ಲಿ ಸ್ಟೆಂಟಿನ ಒಳ ವಿಸ್ತೀರ್ಣ 4.5 ಚದರ ಮಿ.ಮೀ.ಗಿಂತ ಹೆಚ್ಚು, ಅಥವಾ ಅಕ್ಕಪಕ್ಕದ ಆರೋಗ್ಯಕರ ಭಾಗಗಳ ಸರಾಸರಿಯ 80%ಕ್ಕಿಂತ ಹೆಚ್ಚು. ಎಡ ಮುಖ್ಯ ಧಮನಿಗೆ ಈ 4.5 ಏನೇನೂ ಸಾಲದು. ಗೋಡೆಗೆ ತಾಗದ ಸ್ಟೆಂಟ್ ತಂತಿಗಳ ಬಗ್ಗೆ ಎಲ್ಲರಿಗೂ ಆತಂಕ, ಆದರೆ ಅಂತರ 0.4 ಮಿ.ಮೀ. ದಾಟಿ, ಉದ್ದಕ್ಕೂ 1 ಮಿ.ಮೀ.ಗಿಂತ ಹೆಚ್ಚು ಮುಂದುವರಿದಿದ್ದರೆ ಸರಿಪಡಿಸಿ. ಚಿಕ್ಕ ಅಂತರದ ಬೆನ್ನುಹತ್ತಿ ದೊಡ್ಡ ಬಲೂನ್ ಉಬ್ಬಿಸಿ ಸ್ಟೆಂಟಿನ ಅಂಚಿನಲ್ಲಿ ಧಮನಿಯನ್ನು ಸೀಳಿಬಿಡುವುದು ಖಂಡಿತ ಬೇಡ.

ಅರಳದ ಸ್ಟೆಂಟಿನ ಹಿಂದೆ ಬಹಳ ಸಲ ಇರುವುದು ಧಮನಿಯ ಗೋಡೆಯಲ್ಲಿ ಗಟ್ಟಿಯಾಗಿ ಕೂತ ಕ್ಯಾಲ್ಸಿಯಂ. 180 ಡಿಗ್ರಿಗಿಂತ ಹೆಚ್ಚು ಸುತ್ತು, 0.5 ಮಿ.ಮೀ.ಗಿಂತ ಹೆಚ್ಚು ದಪ್ಪ, 5 ಮಿ.ಮೀ.ಗಿಂತ ಹೆಚ್ಚು ಉದ್ದ: ಮೂರೂ ಸೇರಿದ್ದರೆ ಮೊದಲು ಅದನ್ನು ಒಡೆಯಿರಿ ಅಥವಾ ಕೊರೆಯಿರಿ, ಆಮೇಲೆ ಸ್ಟೆಂಟ್. ಹಾಕಿದ ಮೇಲೆ ಗೊತ್ತಾದರೆ ದಾರಿಗಳು ತೀರಾ ಕಡಿಮೆ.