ಚೌಕಳಿ ಹಾಳೆಯಲ್ಲಿ ಕೆಲ್ಟಿಕ್ ಗಂಟು: ಆರು ವಾರದ ಕೆಲಸ

ಮೊದಲ ವಾರ

ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಕೆಲ್ಸ್ ಹಸ್ತಪ್ರತಿ ನೋಡಿ ಬಂದ ಮೇಲೆ ಕೆಲ್ಟಿಕ್ ಗಂಟು, ಅಂದರೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ಹೆಣಿಗೆ ಚಿತ್ರ, ಬರೆಯುವ ಈ ಕೆಲಸ ಶುರುವಾಯಿತು. ಸುಮಾರು ಕ್ರಿ.ಶ. 800ರ ಹೊತ್ತಿಗೆ ಕ್ರೈಸ್ತ ಸನ್ಯಾಸಿಗಳು ಕರುವಿನ ಚರ್ಮದ ಮೇಲೆ ಬರೆದ ಸುವಾರ್ತೆಗಳು ಅವು. ಅಕ್ಷರದ ಹೊಟ್ಟೆಯೊಳಗೆ, ಅಂಚಿನ ಪಟ್ಟಿಯಲ್ಲಿ, ಜಾಗ ಸಿಕ್ಕ ಕಡೆಯೆಲ್ಲ ಎಳೆಗಳು ಹೆಣೆದುಕೊಂಡಿವೆ. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಒಂದು ಎಳೆಯನ್ನು ಕಣ್ಣಲ್ಲೇ ಹಿಡಿದು ಹೊರಟೆ. ನಾಲ್ಕನೇ ತಿರುವಿನಲ್ಲಿ ಕೈತಪ್ಪಿತು. ಮತ್ತೆ ಹಿಡಿದೆ, ಮತ್ತೆ ತಪ್ಪಿತು. ಹಿಂದೆ ಜನ ಕಾಯುತ್ತಿದ್ದರು, ಸರಿದು ಬಂದೆ. ಆದರೆ ಆ ಎಳೆ ತಲೆಯಿಂದ ಹೋಗಲಿಲ್ಲ.

ಸುಮ್ನೆ ಕೈಯಲ್ಲಿ ಬರೆದರೆ ಇದು ಬರುವುದಿಲ್ಲ. ಅಳತೆ ಬೇಕು. 5 ಮಿ.ಮೀ. ಚೌಕಳಿಯ ನೋಟ್‌ಬುಕ್ ತಂದೆ. ಎರಡು ಚೌಕ ಅಗಲ, ಎರಡು ಚೌಕ ಎತ್ತರ ಸೇರಿ ಒಂದು ಮನೆ. ಪ್ರತಿ ಮನೆಯ ನಾಲ್ಕು ಮೂಲೆಗೂ ನಡುವಿಗೂ ಚುಕ್ಕಿ. ಎಳೆಗಳು ಈ ಚುಕ್ಕಿಗಳನ್ನು ಮುಟ್ಟುವುದಿಲ್ಲ, ಅವುಗಳ ನಡುವೆ ಓರೆಯಾಗಿ ಓಡುತ್ತವೆ. ಮನೆಯ ಒಂದೊಂದು ಬದಿಯ ನಟ್ಟನಡುವೆ ಎರಡು ಎಳೆ ಒಂದನ್ನೊಂದು ದಾಟುತ್ತವೆ. ಆ ಜಾಗಕ್ಕೆ ನಾನು 'ದಾಟು' ಅಂತಲೇ ಹೆಸರಿಟ್ಟುಕೊಂಡಿದ್ದೇನೆ. ಹೊರ ಅಂಚಿಗೆ ಬಂದ ಎಳೆ ಗೋಡೆಗೆ ಬಡಿದ ಚೆಂಡಿನಂತೆ ತಿರುಗಿ ಒಳಗೆ ಬರುತ್ತದೆ. ಇಷ್ಟಾದರೆ ಬರಿಯ ಜಡೆ ಸಿಗುತ್ತದೆ. ಮೊದಲು ಬರೆದದ್ದು 3 ಮನೆ ಎತ್ತರ, 4 ಮನೆ ಅಗಲ. 17 ದಾಟು, ಒಂದೇ ಎಳೆ.

ಎರಡನೇ ವಾರ

ಮೇಲೆ, ಕೆಳಗೆ, ಮೇಲೆ, ಕೆಳಗೆ. ಎಳೆ ಹೀಗೇ ಹೋಗಬೇಕು, ಎಲ್ಲೂ ಎರಡು ಸಲ ಮೇಲೆ ಬರಬಾರದು. ಎಳೆಯ ಹಿಂದೆಯೇ ಎಣಿಸುತ್ತಾ ಹೋದಾಗ ಮೂರು ಹಾಳೆ ಹಾಳಾದವು. ಎಲ್ಲೋ ಒಂದು ಕಡೆ ಎಣಿಕೆ ತಪ್ಪುತ್ತದೆ, ಆಮೇಲಿನದ್ದೆಲ್ಲ ತಲೆಕೆಳಗು.

ನಾಲ್ಕನೇ ಹಾಳೆಯಲ್ಲಿ ಕಣ್ಣಿಗೆ ಬಿದ್ದ ಸಂಗತಿ ಇದು. ಮನೆಗಳ ಅಡ್ಡಗೆರೆಯ ಮೇಲೆ ಕೂತ ದಾಟುಗಳಲ್ಲೆಲ್ಲ ಬಲಕ್ಕೆ ವಾಲಿದ ಎಳೆಯೇ ಮೇಲೆ ಇರುತ್ತದೆ. ನಿಂತ ಗೆರೆಯ ಮೇಲಿನ ದಾಟುಗಳಲ್ಲೆಲ್ಲ ಎಡಕ್ಕೆ ವಾಲಿದ್ದು ಮೇಲೆ. ಅಂದರೆ ಒಂದು ಸಾಲು ಪೂರ್ತಿ ಬಲ, ಅದರ ಕೆಳಗಿನ ಸಾಲು ಪೂರ್ತಿ ಎಡ. ಎಳೆಯ ಹಿಂದೆ ಓಡಬೇಕಾಗಿಯೇ ಇಲ್ಲ! ಬಟ್ಟೆ ನೇಯುವ ಹಾಗೆ ಸಾಲು ಸಾಲಾಗಿ ಮುಗಿಸುತ್ತಾ ಬಂದರೆ ಸಾಕು, ಎಳೆ ತಾನಾಗಿ ಮೇಲೆ-ಕೆಳಗೆ ಆಗಿರುತ್ತದೆ. ಇದನ್ನು ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೂರನೇ, ನಾಲ್ಕನೇ ವಾರ

ಈ ಎರಡು ವಾರ ಪೂರ್ತಿ ಗೋಡೆಗಳಲ್ಲೇ ಕಳೆಯಿತು.

ಜಡೆಯನ್ನು ಗಂಟಾಗಿಸುವುದು ಗೋಡೆ. ಒಂದು ದಾಟನ್ನು ಆರಿಸಿ, ಅದರ ಮೇಲೆ ಅಡ್ಡವಾಗಿಯೋ ನೆಟ್ಟಗೋ ಚಿಕ್ಕ ಗೀಟು ಹಾಕಬೇಕು. ಅಲ್ಲಿ ಎಳೆಗಳು ದಾಟದೆ, ಗೀಟಿಗೆ ಬಡಿದು ಹೊರಳುತ್ತವೆ. ಸ್ಕಾಟ್ಲೆಂಡಿನ ಕೆತ್ತನೆ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ ಜೆ. ರೋಮಿಲಿ ಅಲೆನ್, ಈ ಗಂಟುಗಳೆಲ್ಲ ಜಡೆಯನ್ನು ಅಲ್ಲಲ್ಲಿ ಕಡಿದು ಹುಟ್ಟಿದವು ಎಂದು 1900ರ ದಶಕದ ಆರಂಭದಲ್ಲೇ ತೋರಿಸಿದ್ದರು. ಓದಿದಾಗ ಸರಿ ಅನ್ನಿಸಿತ್ತು. ಪೆನ್ಸಿಲ್ ಹಿಡಿದ ಮೇಲೆ ನಿಜವಾಗಿ ಅರ್ಥವಾಯಿತು. ಗಂಟನ್ನು ಯಾರೂ ಕಟ್ಟುವುದಿಲ್ಲ, ಜಡೆ ಒಡೆದಾಗ ಅದು ಒಳಗಿಂದ ಬರುತ್ತದೆ.

ಕೆಂಪು, ನೀಲಿ ಸ್ಕೆಚ್ ಪೆನ್ ತೆಗೆದುಕೊಂಡು 4 ಮನೆ ಎತ್ತರ, 6 ಮನೆ ಅಗಲದ ಜಡೆ ಬರೆದೆ. 38 ದಾಟು, ಎರಡು ಎಳೆ. ಎಷ್ಟು ಎಳೆ ಬರುತ್ತವೆ ಅನ್ನುವುದು ಶಾಲೆಯ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಲೆಕ್ಕವೇ. 4 ಮತ್ತು 6ಕ್ಕೆ 2, 3 ಮತ್ತು 4ಕ್ಕೆ 1. ಎಡಗಡೆ ಕೆಂಪು ನೀಲಿಯನ್ನು ದಾಟುವಲ್ಲಿ ಒಂದು ಗೋಡೆ ಹಾಕಿದೆ. ಎರಡೂ ಕೂಡಿ ಒಂದೇ ಎಳೆಯಾಯಿತು. ಸಮ ಕಾಣಲಿ ಅಂತ ಬಲಗಡೆ ಅದರ ಜೋಡಿ ಗೋಡೆ ಹಾಕಿದೆ, ಮತ್ತೆ ಎರಡಾಯಿತು. ಎರಡನ್ನೂ ಅಳಿಸಿ, ನಟ್ಟನಡುವಿನ ನಿಂತ ಗೆರೆಯ ಮೇಲಿದ್ದ ಒಂದೇ ದಾಟಿಗೆ ಗೋಡೆ ಹಾಕಿದೆ. ಎಡಬಲವೂ ಸಮ, ಎಳೆಯೂ ಒಂದೇ. ಹೀಗೆ ಹನ್ನೆರಡು ಹಾಳೆ ಬರೆದು ನೋಡಿದೆ. ಬೇರೆ ಬೇರೆ ಎಳೆ ದಾಟುವಲ್ಲಿ ಗೋಡೆ ಹಾಕಿದರೆ ಎರಡೂ ಸೇರುತ್ತವೆ. ಎಳೆ ತನ್ನನ್ನೇ ದಾಟುವಲ್ಲಿ ಹಾಕಿದರೆ, ಒಂದು ದಿಕ್ಕಿನ ಗೋಡೆಗೆ ಒಡೆದು ಎರಡಾಗುತ್ತದೆ, ಇನ್ನೊಂದು ದಿಕ್ಕಿನದಕ್ಕೆ ಒಂದಾಗಿಯೇ ಉಳಿಯುತ್ತದೆ. ಇನ್ನೊಂದು ಖುಷಿ: ಎಷ್ಟೇ ಗೋಡೆ ಹಾಕಿದರೂ ಸಾಲಿನ ಬಲ-ಎಡ ಲೆಕ್ಕ ಕೆಡುವುದಿಲ್ಲ.

ಊರಿಗೆ ವಿಡಿಯೋ ಕಾಲ್ ಮಾಡಿದಾಗ ಹಾಳೆ ತೋರಿಸಿದೆ. ಅಮ್ಮ ನೋಡಿದ ಕೂಡಲೇ "ಇದು ನಮ್ಮ ಎಳೆ ರಂಗೋಲಿ ಅಲ್ವೇನೇ?" ಅಂದರು. ಲೆಕ್ಕ ಒಂದೇ, ನಿಜ. ಚುಕ್ಕಿ ಸುತ್ತಿ ಅಂಚಿನಲ್ಲಿ ಹೊರಳುವ ಗೆರೆ ಅಲ್ಲೂ ಇದೆ. ಒಂದರಿಂದ ಇನ್ನೊಂದು ಬಂತು ಅಂತ ನಾನು ಹೇಳುತ್ತಿಲ್ಲ. ರಂಗೋಲಿಯ ಎಳೆ ಸುಮ್ನೆ ದಾಟಿ ಹೋಗುತ್ತದೆ. ಇಲ್ಲಿ ಅದು ಮೇಲೆ ಏರಬೇಕು, ಕೆಳಗೆ ನುಸುಳಬೇಕು. ಅಮ್ಮ ಮಾತ್ರ ಗೋಡೆ ಹಾಕುವ ಉಪಾಯವನ್ನು ಎರಡೇ ನಿಮಿಷದಲ್ಲಿ ಹಿಡಿದುಬಿಟ್ಟರು. "ಎರಡು ಎಳೆ ಬಂದ್ರೆ ನಾವೂ ಒಂದು ಕಡೆ ತಿರುಗಿಸಿ ಸೇರಿಸ್ತೀವಿ" ಅಂದರು.

ಐದನೇ ವಾರ

ಶನಿವಾರ ಡ್ರೊಹೆಡಾ ಊರಿನ ಹತ್ತಿರ ಹಳೆಯ ಮಠವಿದ್ದ ಮೊನಾಸ್ಟರ್‌ಬಾಯ್ಸ್‌ಗೆ ಹೋದೆ. ಅಲ್ಲಿರುವ ಮುಯಿರೆಡಾಕ್ ಶಿಲುಬೆ ಸುಮಾರು ಐದೂವರೆ ಮೀಟರ್ ಎತ್ತರದ ಕಲ್ಲು, ಹತ್ತನೇ ಶತಮಾನದ್ದು. ಮಳೆ ಹನಿಯುತ್ತಿತ್ತು. ಎಲ್ಲರೂ ಮುಂದಿನ ಬೈಬಲ್ ಕಥೆಗಳ ಫೋಟೋ ತೆಗೆಯುತ್ತಿದ್ದರು, ನಾನು ಪಕ್ಕದ ಹೆಣಿಗೆಯ ಪಟ್ಟಿಯ ಮುಂದೆ ನಿಂತೆ. ಗೋಡೆ ಎಲ್ಲಿವೆ ಅಂತ ಈಗ ಕಣ್ಣಿಗೇ ಗೊತ್ತಾಗುತ್ತದೆ. ಕಲ್ಲಿನಲ್ಲಿ ತಪ್ಪಿದರೆ ರಬ್ಬರ್ ಇಲ್ಲ ಅಲ್ವಾ, ಆ ಕೈಗಳ ಮೇಲೆ ಗೌರವ ಇನ್ನೂ ಜಾಸ್ತಿಯಾಯಿತು. ಕ್ರಿ.ಶ. 700ರ ಆಸುಪಾಸಿನ, ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಸುವಾರ್ತೆ ಹಸ್ತಪ್ರತಿಯಲ್ಲಿ ಕೆಲವು ಚಿತ್ರಪುಟಗಳ ಹಿಂಬದಿ ಕೈವಾರ ಚುಚ್ಚಿದ ತೂತು, ಗೀಟಿನ ಗುರುತು ಈಗಲೂ ಇವೆ. ಅವರೂ ಅಳತೆ ಹಾಕಿಯೇ ಶುರು ಮಾಡಿದ್ದು.

ಈ ವಾರ

ದೊಡ್ಡ ಹಾಳೆ ಹಿಡಿದಿದ್ದೇನೆ. 5 ಮನೆ ಎತ್ತರ, 9 ಮನೆ ಅಗಲ, 76 ದಾಟು. 12 ಗೋಡೆ ಹಾಕಿದ ಮೇಲೆ ಉಳಿದದ್ದು 64. ಮೊದಲ ಸಲ ಮೂರು ಎಳೆ ಬಂತು. ನಡುಗೆರೆಯ ಮೇಲೆ ಅಡ್ಡ ಇದ್ದ ಒಂದು ಗೋಡೆಯನ್ನು ನೆಟ್ಟಗೆ ತಿರುಗಿಸಿದೆ, ಎರಡಾಯಿತು. ಎರಡೇ ಇರಲಿ ಅಂತ ಬಿಟ್ಟೆ, ಬಣ್ಣ ಹಾಕಲು ಚೆನ್ನಾಗಿರುತ್ತದೆ.

ಅಕ್ಕಪಕ್ಕದ ಎಳೆಗಳ ನಡುಗೆರೆಗೆ 7 ಮಿ.ಮೀ. ದೂರ. ಎಳೆಯನ್ನು ಮೂರೂವರೆ ಮಿ.ಮೀ. ದಪ್ಪ ಇಟ್ಟರೆ ಎಳೆಯೂ ಸಂದೂ ಒಂದೇ ಅಳತೆ, ನೋಡಲು ಹಿತ. ಶಾಯಿ ಹಚ್ಚಿದ ಮೇಲೆ ಪೆನ್ಸಿಲ್ ಗೆರೆ ಅಳಿಸಲು ಒಂದು ರಾತ್ರಿ ಕಾಯಲೇಬೇಕು. ಕಾಯದೆ ಮೇಲಿನ ಎಡಮೂಲೆ ಕದಡಿತು, ಬಿಳಿ ಬಣ್ಣ ಬಳಿದು ಸರಿಮಾಡಿದೆ. ನಿನ್ನೆ ರಾತ್ರಿಗೆ 41 ದಾಟು ಮುಗಿದಿವೆ. ಇನ್ನು ಉಳಿದದ್ದು ಬಲಗಡೆಯ 23.