ಅಪ್ಪನ ಹಳೇ ಲ್ಯಾಪ್‌ಟಾಪು, ಹೊಸ ಲಿನಕ್ಸು

2016ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇದು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಹೊಸದಿರಬೇಕು. ಚೆನ್ನಾಗಿರೋದನ್ನ ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ಶನಿವಾರ ತುಮಕೂರಿನ ಮನೆಯಲ್ಲಿ ಕೂತು ಪೆನ್‌ಡ್ರೈವಿನಿಂದಲೇ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಮಿಂಟ್ ಓಡಿಸಿ ನೋಡಿದೆ. ಇನ್‌ಸ್ಟಾಲ್ ಮಾಡದೇ ಪರೀಕ್ಷಿಸಬಹುದು, ಅದೇ ಚೆಂದ. ವೈಫೈ, ಸೌಂಡ್ ತಾನಾಗೇ ಬಂದವು. ಪ್ರಿಂಟರ್ ಮಾತ್ರ ಅರ್ಧ ದಿನ ಆಟ ಆಡಿಸಿತು.

ಅಪ್ಪನಿಗೆ ಬೇಕಿರುವುದಾದರೂ ಎಷ್ಟು? ಪಹಣಿ, ಯೂಟ್ಯೂಬ್, ಪೇಪರ್. ಎಲ್ಲ ಬ್ರೌಸರಿನಲ್ಲೇ ಆಗುತ್ತದೆ. "ಮೆನು ಅದೇ ಮೂಲೇಲಿ ಇದೆಯಲ್ಲೋ" ಅಂದರು, ಅಷ್ಟೇ.

ತೊಡಕಾಗಿದ್ದು ಕನ್ನಡದಲ್ಲಿ. ಅವರ ಹಳೇ ಪತ್ರಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಫಾಂಟಿನವು. ವರ್ಡ್ ತರಹದ ಲಿಬ್ರೆಆಫೀಸಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಅಕ್ಷರ! ಆ ಫಾಂಟುಗಳನ್ನೇ ಹುಡುಕಿ ತಂದು ಹಾಕಿದ ಮೇಲೆ ಸರಿಯಾಯಿತು. ಟೈಪಿಂಗಿಗೆ ಐಬಸ್ ಅನ್ನುವ ಲಿನಕ್ಸ್ ಸಲಕರಣೆಯಲ್ಲಿ ಕೆಜಿಪಿ ಕೀಲಿಮಣೆ ಸಿಕ್ಕಿತು, ನುಡಿ ತಂತ್ರಾಂಶದಲ್ಲಿರೋ ಜೋಡಣೆಯೇ ಅದು. ನುಡಿಯಲ್ಲಿ ಪಳಗಿದ ಬೆರಳಿಗೆ ಕಷ್ಟವಾಗಲಿಲ್ಲ.

ಇದನ್ನು ನೋಡಿ ಭಾವ, "ಅಂಗಡಿ ಕಂಪ್ಯೂಟರಿಗೂ ಹಾಕಿಕೊಡು" ಅಂದರು. ಬೇಡ ಭಾವ, ಅಂದೆ. ಅವರ ಲೆಕ್ಕವೆಲ್ಲ ಟ್ಯಾಲಿಯಲ್ಲಿ, ಅದು ವಿಂಡೋಸಿಗೆ ಮಾಡಿದ್ದು. ಏನೋ ಸರ್ಕಸ್ ಮಾಡಿ ಓಡಿಸಬಹುದು. ಜಿಎಸ್‌ಟಿ ಕಟ್ಟುವ ದಿನ ಕೈಕೊಟ್ಟರೆ ಬೈಗುಳ ನನಗೇ ಅಲ್ವಾ?

ಅಪ್ಪ ಈಗ ಕನ್ನಡಕ ಏರಿಸಿಕೊಂಡು ತಿಪಟೂರು ಕೊಬ್ಬರಿ ರೇಟು ನೋಡುತ್ತಿದ್ದಾರೆ. ಲಿನಕ್ಸ್ ಅನ್ನುವ ಹೆಸರು ಆಗಲೇ ಮರೆತಿದ್ದಾರೆ.